ಎಷ್ಟು ಇಂಚ್ ಲಿಫ್ಟ್? ಕಲಬುರಗಿಯಿಂದ ಕಮಲಾಪುರ ತನಕ ಒಂದು ಜೀಪಿನ ಚರಿತ್ರೆ

ಫೋಟೋ 1/9: ಕಮಲಾಪುರದ ಮನಿ ಮುಂದ ನಮ್ಮ ಜೀಪು

ಹೋದ ವಾರ ಈ ಜೀಪಿನ ರೀಲ್ ಹಾಕಿದ್ದೆ. ಕಾಮೆಂಟಿನಾಗ ಎಲ್ಲಾರದೂ ಒಂದೇ ಪ್ರಶ್ನೆ: "ಬ್ರೋ, ಎಷ್ಟು ಇಂಚ್ ಲಿಫ್ಟ್?" ಕ್ಲಾಸಿನ ದೋಸ್ತರೂ ಅದನ್ನೇ ಕೇಳಿದ್ರು.

ಉತ್ತರ: ಈಗ ಸೊನ್ನೆ. ಮೊದಲು ಮಾಡಿಸಿದ್ದೆ, ಆಮೇಲೆ ತೆಗೆಸಿದೆ. ಯಾಕೆ ತೆಗೆಸಿದೆ ಅಂತ ಒಂದು ಸಾಲಿನಾಗ ಹೇಳಿದ್ರ ನೀವು "ಹೆದರಿದಿ" ಅಂತೀರಿ. ಹೆದರಿದ್ದು ಖರೇ. ಆದ್ರ ಅದಕ್ಕಿಂತ ದೊಡ್ಡ ಕಥೆ ಐತಿ. ನಮ್ಮ ಕಡೆ ಜೀಪು ಎತ್ತರ ಮಾಡೋದು ರೀಲ್ ಬಂದ ಮ್ಯಾಲೆ ಶುರುವಾದದ್ದಲ್ಲ. ನಮ್ಮ ಮುತ್ಯಾನ ಕಾಲದಾಗೇ ಇತ್ತು, ಆದ್ರ ಕಾರಣ ಬೇರೆ. ಸ್ವೈಪ್ ಮಾಡ್ರಿ, ಪೂರ್ತಿ ಓದ್ರಿ.

ಫೋಟೋ 2/9: ಹೈ ಬಾನೆಟ್, ಪಕ್ಕದಿಂದ

ಮೊದಲು ಜೀಪು ಹುಟ್ಟಿದ್ದು ಹೆಂಗ ಅಂತ ನೋಡೋಣ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರಾದ, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಒಂದು ಗಾಡಿ ಬೇಕಾಗಿತ್ತು. 135 ಕಂಪನಿಗಳಿಗೆ ಪತ್ರ ಹೋಯಿತು. ಮೊದಲ ಮಾದರಿ ಗಾಡಿ ಕೊಡಲು ಇದ್ದ ಸಮಯ ಬರೀ 49 ದಿನ. ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ ಆ ಗಡುವಿನೊಳಗೇ ಗಾಡಿ ತಂದು ನಿಲ್ಲಿಸಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಆ ಎರಡೂ ಕಂಪನಿ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು.

ಯುದ್ಧದ ಜೀಪಿನ ಬಾನೆಟ್ ತಗ್ಗು ಇತ್ತು. 1953ರಲ್ಲಿ ವಿಲ್ಲೀಸ್ ಸಿಜೆ-3ಬಿ ಮಾಡೆಲ್ ತಂದಿತು. ಅದರ ಹೊಸ ಎಂಜಿನ್ ಎತ್ತರ ಇದ್ದದ್ದಕ್ಕೆ ಬಾನೆಟ್ಟೂ ಎತ್ತರ ಆಯಿತು. ನಮ್ಮ ಮಂದಿ "ಹೈ ಬಾನೆಟ್" ಅನ್ನೋದು ಇದಕ್ಕೇ. ಅಂದ್ರ ಆ ಎತ್ತರವೂ ಶೋಕಿಗೆ ಬಂದದ್ದಲ್ಲ, ಎಂಜಿನ್ ಹಿಡಿಸಲಿಲ್ಲ ಅಂತ ಬಂದದ್ದು. ಇದೊಂದು ಮಾತು ನೆನಪಿಡ್ರಿ, ಮುಂದ ಬೇಕಾಗ್ತದ.

ಫೋಟೋ 3/9: ಹಳೆ ಆಲ್ಬಮ್ಮಿನ ಕಪ್ಪು ಬಿಳುಪು ಫೋಟೋ, ಜೀಪಿನ ಸುತ್ತ ಊರ ಮಂದಿ

ಇಂಡಿಯಾಕ್ಕ ಬರೋಣ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಅನ್ನುವ ಕಂಪನಿ ಶುರುವಾಯಿತು. 1947ರಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸುವ ಕೆಲಸ ಹಿಡಿಯಿತು. ದೇಶ ಎರಡಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದರು, ಮುಂದೆ ಅಲ್ಲಿನ ಗವರ್ನರ್ ಜನರಲ್ಲೇ ಆದರು. ಇಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಪಾರ್ಟ್‌ನರ್‌ಶಿಪ್ ಅಕೌಂಟ್ಸಿನಾಗ "ರಿಟೈರ್ಮೆಂಟ್ ಆಫ್ ಪಾರ್ಟ್‌ನರ್" ಓದಿದ ನಮಗ ಇದಕ್ಕಿಂತ ದೊಡ್ಡ ಉದಾಹರಣೆ ಯಾವುದು!

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತಾರಲ್ಲ, ಅದೂ ಜೀಪಿಂದೇ. 1948ರಲ್ಲಿ ಸೈನ್ಯಕ್ಕಂತ ಲಂಡನ್ನಿನಿಂದ 200 ಜೀಪು ತರಿಸಲು 80 ಲಕ್ಷ ರೂಪಾಯಿಯ ಒಪ್ಪಂದ ಆಯಿತು. ಬಂದು ಇಳಿದದ್ದು 155.

ಆಗ ನಮ್ಮ ಕಲಬುರಗಿ ನಿಜಾಮರ ಹೈದರಾಬಾದ್ ರಾಜ್ಯದಾಗಿತ್ತು. ಆ ರಾಜ್ಯ 1932ರಲ್ಲೇ 27 ಬಸ್ಸು ಇಟ್ಟುಕೊಂಡು ಸರ್ಕಾರಿ ಬಸ್ ಸೇವೆ ಶುರು ಮಾಡಿತ್ತು. ಆದ್ರ ಬಸ್ಸು ಓಡ್ತಿದ್ದದ್ದು ರಸ್ತಾ ಇದ್ದಲ್ಲಿ. ರಸ್ತಾ ಇಲ್ಲದ ಹಳ್ಳಿಗೆ ಎತ್ತಿನ ಬಂಡಿನೇ ಗತಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗೀತು. 1952ರ ಅಕ್ಟೋಬರ್ 2ರಂದು ದೇಶದಾಗ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅಲ್ಲಿಂದ ಮುಂದೆ ಸರ್ಕಾರ ಅಂದ್ರ ಹಳ್ಳಿ ಮಂದಿ ಕಣ್ಣಿಗೆ ಜೀಪು. ಬ್ಲಾಕ್ ಆಫೀಸರ್ ಬಂದ್ರ ಜೀಪು, ಡಾಕ್ಟರ್ ಬಂದ್ರ ಜೀಪು, ಪೊಲೀಸ್ ಬಂದ್ರ ಜೀಪು. "ಜೀಪ್ ಬಂತು" ಅಂದ್ರ ಹುಡುಗರು ಹಿಂದ ಓಡೋರು, ದೊಡ್ಡವರು ಅಂಗಿ ಸರಿ ಮಾಡ್ಕೊಳ್ಳೋರು. ಇದು ನಮ್ಮ ಆಯಿ ಹೇಳಿದ್ದು.

ಫೋಟೋ 4/9: ಬಂಡಿ ದಾರಿ, ಮಳೆ ನಿಂತ ಮರುದಿನ

ಹುಮನಾಬಾದ್ ಬೇಸ್‌ನಿಂದ ಕಪನೂರ ಬಿಟ್ಟು, ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋಗೋದು ಈಗ ಒಂದು ತಾಸಿನೊಳಗಿನ ಮಾತು. ಹೈವೇ ಬಿಟ್ಟು ಹೊಲದ ದಾರಿಗೆ ಇಳೀರಿ, ಆಗ ಗೊತ್ತಾಗ್ತದ. ಒಂದು ಕಡೆ ಎರಿ ಹೊಲ, ತೊಗರಿ, ಜೋಳ. ಕಮಲಾಪುರದ ಸುತ್ತ ಕೆಂಪು ಮಣ್ಣು, ಅದ್ರಾಗ ನಮ್ಮ ಹೆಸರಾದ ಕೆಂಪು ಬಾಳಿ.

ಎರಿ ಮಣ್ಣು ಬ್ಯಾಸಿಗಿಗೆ ಕಾಲು ಹೋಗುವಷ್ಟು ಬಿರಿತದ, ಮಳಿಗೆ ಅಂಟಾಗ್ತದ. ಟೈರಿನ ಪಟ್ಟಿಯೊಳಗ ತುಂಬಿಕೊಂಡು ಟೈರ್ ನುಣ್ಣಗ ಆಗ್ತದ. ಇನ್ನೂ ಮುಂದ ಹೋದ್ರ ಗಾಲಿಗೂ ಮಡ್‌ಗಾರ್ಡಿಗೂ ನಡುವ ಮಣ್ಣು ಸೇರಿ ಗಾಲಿನೇ ತಿರುಗೋದಿಲ್ಲ. ಅದಕ್ಕೇ ಹಳೆ ಡ್ರೈವರ್‌ಗಳು ಆ ಸಂದು ದೊಡ್ಡದು ಮಾಡಿಸ್ತಿದ್ರು. ಕಮಾನ್ ಪಾಟಾಕ್ಕ ಒಂದು ಪಟ್ಟಿ ಹೆಚ್ಚಿಗಿ ಹಾಕಿಸಿ ಬಾಡಿ ಎತ್ತಿಸ್ತಿದ್ರು.

ಇನ್ನೊಂದು ತ್ರಾಸು ಬಂಡಿ ದಾರಿದು. ಬಂಡಿ ಗಾಲಿ ಎರಡೂ ಕಡೆ ಆಳ ಕೊರದು, ನಡುವ ದಿಬ್ಬ ಉಳಿತದ. ಜೀಪಿನ ಆಕ್ಸಲ್ ನಡುವಿನ ಗುಂಡು, ಅಂದ್ರ ಡಿಫರೆನ್ಶಿಯಲ್ ಹೌಸಿಂಗ್, ಆ ದಿಬ್ಬಕ್ಕ ಬಡಿತದ. ಇಲ್ಲೇ ಭಾಳ ಮಂದಿ ತಪ್ಪು ತಿಳ್ಕೋತಾರ. ಕಮಾನ್ ಪಾಟಾ ಎಷ್ಟು ಎತ್ತರ ಮಾಡಿದ್ರೂ ಬಾಡಿ ಏರ್ತದ, ಆಕ್ಸಲ್ ಏರೋದಿಲ್ಲ. ಯಾಕಂದ್ರ ಆಕ್ಸಲ್ ಗಾಲಿಗೆ ಕೂಡೇದ. ಅದು ಏರಬೇಕಂದ್ರ ಟೈರ್ ದೊಡ್ಡದಾಗಬೇಕು. 28 ಇಂಚಿನ ಟೈರ್ ತೆಗೆದು 31 ಇಂಚಿಂದು ಹಾಕಿದ್ರ ಸಿಗೋದು 3 ಇಂಚ್ ಅಲ್ಲ, ಅರ್ಧ, ಒಂದೂವರೆ ಇಂಚ್. ರೀಲಿನಾಗ ಯಾರೂ ಈ ಲೆಕ್ಕ ಹೇಳೋದಿಲ್ಲ.

ಫೋಟೋ 5/9: ಮುತ್ಯಾನ ಲೆಕ್ಕದ ವಹಿ

ಈಗ ನಮ್ಮ ಮನಿ ಜೀಪು. 1978ರ ಮಾಡೆಲ್, ಪೆಟ್ರೋಲ್. ಒಂದು ಇಲಾಖೆಯ ಹರಾಜಿನಾಗ ಮುತ್ಯಾ 1989ರಲ್ಲಿ ತಗೊಂಡದ್ದು. ಬಾಳಿ ಗೊನಿ, ತೊಗರಿ ಚೀಲ, ಮದಿವಿ ಮಂದಿ, ಹೆರಿಗಿ ಬ್ಯಾನಿ ಬಂದ ಹೆಣ್ಣುಮಕ್ಕಳು, ಎಲ್ಲಾ ಇದ್ರಾಗೇ ಕಲಬುರಗಿಗೆ ಹೋಗ್ಯಾರ.

ಪೆಟ್ರೋಲ್ ಜೀಪು ಸಾಕೋದು ಆನಿ ಸಾಕಿದಂಗ. 1973ರ ಕೊನೆಗೆ ಅರಬ್ ದೇಶಗಳು ಎಣ್ಣಿ ಬಿಗಿ ಹಿಡಿದಾಗ ಬ್ಯಾರಲ್ ಬೆಲೆ ಕೆಲವೇ ತಿಂಗಳಾಗ ಸುಮಾರು 3 ಡಾಲರಿನಿಂದ 12ರ ಹತ್ತಿರ ಹೋಯಿತು. ಅದರ ನಂತರ ನಮ್ಮ ದೇಶದಾಗ ಜೀಪು ಡೀಸೆಲ್ಲಿಗೆ ಹೊರಳಿತು. ಮಹೀಂದ್ರ ಕಂಪನಿನೇ ತನ್ನ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಎಂಜಿನ್ ಜೀಪಿಗೆ ಕೂಡಿಸಿತು. ಮುಂದೆ 80ರ ದಶಕದಾಗ ಎಂಎಂ 540 ಬಂದಾಗ ಅದ್ರಾಗ ಪ್ಯೂಜೋ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ ಇತ್ತು.

ಮುತ್ಯಾ 1992ರಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಟ್ರ್ಯಾಕ್ಟರ್ ಎಂಜಿನ್ ಇಡಿಸಿದ. ಕಾರಣ ಸರಳ: ಟ್ರ್ಯಾಕ್ಟರ್ ರಿಪೇರಿ ಮಾಡೋರು ಪ್ರತಿ ಊರಾಗ ಸಿಗ್ತಾರ. ವಹಿಯೊಳಗ ಆ ವರ್ಷದ್ದು ಮೂರು ಸಾಲು ಅವ. ಮೊದಲನೇದು: ಎಂಜಿನ್ ಬದಲಿ. ಎರಡನೇದು, ಎರಡು ತಿಂಗಳ ಮ್ಯಾಲೆ: "ಗಾಡಿ ಮೂತಿ ತಗ್ಗಿತು, ಮುಂದಿನ ಪಾಟಾಕ್ಕ ಒಂದೊಂದು ಪಟ್ಟಿ ಹೆಚ್ಚಿಗಿ." ಡೀಸೆಲ್ ಎಂಜಿನ್ ಭಾರ, ಅದಕ್ಕ ಮುಂದಿನ ಕಮಾನ್ ಕುಂತಿತ್ತು. ಮೂರನೇದು: "ಆರ್‌ಸಿಯಾಗ ಹೊಸ ಎಂಜಿನ್ ನಂಬರ್ ಬರೆಸಿದ್ದು."

ಅಂದ್ರ ನಮ್ಮ ಮನಿಯ ಮೊದಲ "ಲಿಫ್ಟ್" ಲಿಫ್ಟೇ ಅಲ್ಲ. ಕುಂತದ್ದನ್ನ ಮತ್ತ ಎಬ್ಬಿಸಿದ್ದು. ಒಂದು ಬದಲಾವಣಿ ಮಾಡಿದ್ರ ಅದರ ಬೆನ್ನ ಹಿಂದ ಇನ್ನೆರಡು ಮಾಡಬೇಕು ಅನ್ನೋದು ಏಳನೇತ್ತೆ ಓದಿದ ಮುತ್ಯಾಗ ಗೊತ್ತಿತ್ತು. ಡಬಲ್ ಎಂಟ್ರಿ ಕಲಿತ ನನಗ ಗೊತ್ತಿರಲಿಲ್ಲ.

ಫೋಟೋ 6/9: ದೋಸ್ತನ ಮನಿಯ ಜಿಪ್ಸಿ

ನಡುವ ಒಂದು ಸಣ್ಣ ಮಾತು. 1985ರ ಡಿಸೆಂಬರಿನಾಗ ಮಾರುತಿ ಜಿಪ್ಸಿ ಬಂತು. 970 ಸಿಸಿ ಎಂಜಿನ್, ಹಗುರಾದ ಗಾಡಿ, ಇವತ್ತಿಗೂ ಆಫ್‌ರೋಡ್ ಹುಡುಗರ ಪ್ರೀತಿ. 1993ರಲ್ಲಿ ಕಂಪನಿ ಅದಕ್ಕ ಮಾಡಿದ ಸುಧಾರಣಿ ಏನು ಗೊತ್ತಾ? ಎಡ ಬಲ ಗಾಲಿ ನಡುವಿನ ಅಗಲ 90 ಮಿ.ಮೀ. ಹೆಚ್ಚು ಮಾಡಿತು. ಎತ್ತರದ ಗಾಡಿಗೆ ಅಗಲ ಬೇಕು, ಇಲ್ಲಂದ್ರ ತಿರುವಿನಾಗ ಹೊರಳ್ತದ. ನಾವು ಗ್ಯಾರೇಜಿನಾಗ ಎತ್ತರ ಮಾತ್ರ ಹೆಚ್ಚು ಮಾಡ್ತೀವಿ, ಅಗಲ ಅಷ್ಟೇ ಇರ್ತದ.

ಫೋಟೋ 7/9: ತೊಗರಿ ಹೊಲದ ಒಡ್ಡು

ಇದು ಬರೀಲಿಕ್ಕೆ ನಾಚಿಕಿ ಅನಿಸ್ತದ, ಆದ್ರ ಬರೀಬೇಕು.

ಮುತ್ಯಾ ತೀರಿಕೊಂಡ ಮ್ಯಾಲೆ ಜೀಪು ಕೊಟ್ಟಿಗಿ ಪಕ್ಕ ನಿಂತಿತ್ತು. ಕಾಕಾ "ಗುಜರಿಗೆ ಹಾಕೋಣು" ಅಂತಿದ್ರು. ನಾ ಹಟ ಮಾಡಿ ಎಬ್ಬಿಸಿದೆ. ನಾ ಕೂಡಿಟ್ಟ ರೊಕ್ಕದಾಗ ಒಂದು ಗ್ಯಾರೇಜಿನಾಗ ಉದ್ದ ಶ್ಯಾಕಲ್, ಹೆಚ್ಚಿನ ಪಟ್ಟಿ, ದೊಡ್ಡ ಟೈರ್ ಹಾಕಿಸಿದೆ. ಮಸ್ತ್ ಕಾಣ್ತಿತ್ತು. ಎಲ್ಲಾರೂ ನೋಡ್ತಿದ್ರು.

ಒಂದು ಐತವಾರ ತಮ್ಮನ್ನ ಕೂಡಿಸ್ಕೊಂಡು ಮಹಾಗಾಂವ ಕ್ರಾಸ್ ದಾಟಿ ಹೊಲದ ದಾರಿಗೆ ಇಳಿಸಿದೆ. ಒಂದು ಗಾಲಿ ತಗ್ಗಿಗೆ ಪೂರ್ತಿ ಇಳಿದು ಎದ್ದಿತು. ಮುಂದ ನಾಲಾಕ್ಕ ಇಳಿಜಾರು. ಬ್ರೇಕ್ ಒತ್ತಿದೆ, ಪೆಡಲ್ ನೆಲಕ್ಕ ಹೋಯಿತು. ಏನೂ ಇಲ್ಲ.

ಆಮೇಲೆ ತಿಳಿದದ್ದು: ಎತ್ತರ ಮಾಡಿದ ಮ್ಯಾಲೆ ಆಕ್ಸಲ್ ಮೊದಲಿಗಿಂತ ಕೆಳಗ ಇಳಿತದ. ಬ್ರೇಕ್ ಹೋಸ್ ಮಾತ್ರ ಹಳೆ ಅಳತಿದೇ ಇತ್ತು. ಎಳೆದು ಎಳೆದು ಹರೀತು. ಹಳೆ ಜೀಪಿನಾಗ ಬ್ರೇಕ್ ಎಣ್ಣಿಗೆ ಒಂದೇ ಲೈನ್. ಒಂದು ಕಡೆ ಸೋರಿದ್ರ ನಾಲ್ಕೂ ಗಾಲಿ ಬ್ರೇಕ್ ಹೋಗ್ತಾವ.

ಉಳಿಸಿದ್ದು ಎರಡು. ಗಾಡಿ ಎರಡನೇ ಗೇರಿನಾಗಿತ್ತು. ಹಳೆ ಜೀಪಿನ ಹ್ಯಾಂಡ್ ಬ್ರೇಕ್ ಗಾಲಿಗಲ್ಲ, ಹಿಂದ ಹೋಗುವ ಶಾಫ್ಟಿಗೆ ಇರ್ತದ. ಅದಕ್ಕ ಎಣ್ಣಿ ಬೇಕಿಲ್ಲ. ಜಗ್ಗಿ ಹಿಡಿದೆ, ಸ್ಟೇರಿಂಗ್ ಒಡ್ಡಿನ ಕಡೆ ತಿರುಗಿಸಿದೆ. ಜೀಪು ಒಂದು ಕಡೆ ವಾಲಿ, ಒಡ್ಡಿಗೆ ಆನಿಸಿ ನಿಂತಿತು. ತಮ್ಮನ ಹಣಿಗೆ ಮೂರು ಹೊಲಿಗಿ ಬಿದ್ವು. ಅವ ಅಳಲಿಲ್ಲ. "ಅಣ್ಣಾ, ಮನ್ಯಾಗ ಹೇಳಬ್ಯಾಡ" ಅಂದ. ನಾ ಹೇಳಿದೆ.

ಫೋಟೋ 8/9: ಗ್ರೀಸ್ ಗನ್, ಹಳೆ ಉಸ್ತಾದರ ಕೈ

ಮುತ್ಯಾನ ಕಾಲದ ಉಸ್ತಾದರು ಇನ್ನೂ ಕೆಲಸ ಮಾಡ್ತಾರ. ಜೀಪು ಅವರ ಕಡೆ ಒಯ್ದೆ. ಬೈಯ್ಯಲಿಲ್ಲ. ಕೆಳಗ ಮಲಗಿ ನೋಡಿ ಇಷ್ಟೇ ಕೇಳಿದ್ರು: "ಬೇಟಾ, ಪಾಟಾ ಬದಲಿ ಮಾಡಿದಿ. ಹೋಸ್ ಯಾಕ ಬಿಟ್ಟಿ?"

ಅವರು ಹೇಳಿದ್ದನ್ನ ಮುತ್ಯಾನ ವಹಿಯ ಹಿಂದಿನ ಹಾಳ್ಯಾಗ ಬರಕೊಂಡೀನಿ. ನಿಮಗೂ ಬೇಕಾಗಬಹುದು.

▪️ ಬಾಡಿ ಎತ್ತಿದ್ರ ಶಾಫ್ಟಿನ ಕೋನ ಹೆಚ್ಚಾಗ್ತದ, ಜಾಯಿಂಟ್ ಕ್ರಾಸ್ ಲಗೂ ಸವೀತದ. ಸ್ಟೇರಿಂಗ್ ರಾಡಿನ ಕೋನವೂ ಕೆಡ್ತದ, ತಗ್ಗಿಗೆ ಬಿದ್ರ ಗಾಡಿ ತಾನೇ ತಿರುಗ್ತದ.
▪️ ಟೈರ್ 28ರಿಂದ 31 ಮಾಡಿದ್ರ ಮೀಟರ್ 60 ತೋರಿಸುವಾಗ ಖರೇ ಸ್ಪೀಡ್ ಸುಮಾರು 66. ಕ್ಲಚ್ಚಿಗೂ ಬ್ರೇಕಿಗೂ ಹೆಚ್ಚಿನ ಹೊರಿ.
▪️ ನಾಲಾ ನೀರು ದಾಟಿದ ಮ್ಯಾಲೆ ಹೌಸಿಂಗಿನ ಎಣ್ಣಿ ನೋಡ್ರಿ. ಹಾಲು ಹಾಕಿದ ಚಹಾದಂಗ ಇದ್ರ ನೀರು ಹೋಗ್ಯಾದ, ಬದಲಿ ಮಾಡ್ರಿ. ಎಲ್ಲಾ ನಿಪ್ಪಲಿಗೂ ಹೊಸ ಗ್ರೀಸ್ ಹೊಡೀರಿ, ಹಳೇದು ಮಣ್ಣು ಸಮೇತ ಹೊರಗ ಬರೋತನಕ.
▪️ ಪಾಟಾ ಕೆಲಸ ಮಾಡಿಸಿದ ಮ್ಯಾಲೆ ಸ್ವಲ್ಪ ಓಡಿಸಿ ಯು ಬೋಲ್ಟ್ ಮತ್ತ ಬಿಗಿ ಮಾಡಿಸ್ರಿ.
▪️ ಫೋರ್ ವೀಲ್ ಕೆಸರಿನಾಗ, ಉಸುಕಿನಾಗ ಮಾತ್ರ. ಡಾಂಬರಿನ ಮ್ಯಾಲೆ ಹಾಕಿದ್ರ ಮುಂದಿನ ಹಿಂದಿನ ಗಾಲಿ ಜಗ್ಗಾಡಿ ಗೇರ್ ಸವೀತದ.

ಇನ್ನು ಕಾಯ್ದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಇನ್ನೂ ಬಿಗಿ ಮಾಡಿ ಹೇಳಿತು. 15 ವರ್ಷ ದಾಟಿದ ಕಾರು, ಜೀಪಿನ ಆರ್‌ಸಿ ನವೀಕರಣದ ಫೀ 2022ರ ಏಪ್ರಿಲ್ 1ರಿಂದ 600 ರೂಪಾಯಿ ಇದ್ದದ್ದು 5000 ಆಯಿತು. ಹಳೆ ಗಾಡಿ ಇಟ್ಕೊಳ್ಳೋದು ತುಟ್ಟಿ. ಅದಕ್ಕೇ ಊರೂರಿನಾಗ ಹಳೆ ಜೀಪು ಗುಜರಿಗೆ ಹೋಗ್ತಾವ, ಅವುಗಳ ಕಥಿನೂ ಕೂಡೇ ಹೋಗ್ತಾವ.

ಫೋಟೋ 9/9: ಆರ್‌ಸಿ, ನಂಬರ್ ಮುಚ್ಚೀನಿ

ಲಿಫ್ಟ್ ತೆಗೆಸಿದೆ. ಕಮಾನ್ ಮುತ್ಯಾ ಇಟ್ಟಿದ್ದ ಲೆಕ್ಕಕ್ಕೇ ತಂದೆ. ಹೊಸ ಹೋಸ್, ಹಳೆ ಅಳತಿ ಟೈರ್. ತಪಾಸಣಿ ದಿನ ಸಾಹೇಬರು ಎಂಜಿನ್ ನಂಬರ್ ನೋಡಿದ್ರು, ಆರ್‌ಸಿ ನೋಡಿದ್ರು. 78ರ ಗಾಡಿ, ಬೇರೆ ಎಂಜಿನ್. ನನ್ನ ಎದಿ ಡವಡವ. ಎರಡೂ ನಂಬರ್ ಒಂದೇ ಇದ್ವು. 1992ರಲ್ಲಿ ಮುತ್ಯಾ ಬರೆಸಿದ ಆ ಒಂದು ಸಾಲು ಜೀಪು ಉಳಿಸಿತು.

ಕಾಕಾ ಈಗ ಗುಜರಿ ಮಾತು ಎತ್ತೋದಿಲ್ಲ. ಹೋದ ವಾರ ತಾವೇ ಕುಂತು ಹೊಲಕ್ಕ ಹೋಗಿ ಬಂದ್ರು. ತಮ್ಮ ಮಾತ್ರ ಸೀಟಿಗೆ ಕುಂತ ಕೂಡಲೇ "ಅಣ್ಣಾ, ಬ್ರೇಕ್ ಒತ್ತಿ ತೋರಿಸು" ಅಂತಾನ. ದಿನಾ ತೋರಿಸ್ತೀನಿ.

ನಿಮ್ಮ ಮನ್ಯಾಗ, ನಿಮ್ಮ ಊರಾಗ ಹಳೆ ಜೀಪು, ಜಿಪ್ಸಿ, ಕಮಾಂಡರ್ ಇದ್ರ ಒಂದು ಫೋಟೋ ಕಳಿಸ್ರಿ. ಜೊತಿಗೆ ಮನಿ ಹಿರಿಯರನ್ನ ಕೇಳಿ ಮೂರು ಮಾತು ಬರೀರಿ: ಯಾವಾಗ ಬಂತು, ಏನು ಬದಲಿ ಮಾಡಿಸಿದ್ರು, ಯಾಕ ಮಾಡಿಸಿದ್ರು. ಮೂರನೇ ಪ್ರಶ್ನಿ ಬಿಡಬ್ಯಾಡ್ರಿ. ಮುಂದಿನ ಸರಣಿಗೆ ಅವನ್ನೇ ಹಾಕ್ತೀನಿ.

#ಕಲಬುರಗಿ #ಕಮಲಾಪುರ #ಹಳೆಜೀಪು #ಹೈಬಾನೆಟ್ #ಮುತ್ಯಾನವಹಿ