ಮೊದಲ ತುತ್ತಿನ ಚರಿತ್ರೆ

ಕಡಲ ತಳದ ಬಂಡೆಗೆ ಅಂಟಿಕೊಂಡು ಬದುಕುವ, ಹೂವಿನಂತೆ ಕಾಣುವ, ಮುಟ್ಟಿದರೆ ಕುಟುಕುವ ಜೀವಿ ಅನಿಮೋನ್. ಅದರ ಕುಟುಕುಬಾಹುಗಳ ನಡುವೆ ಪುಟ್ಟ ಮೀನುಗಳು ನಿರ್ಭಯವಾಗಿ ಬದುಕುತ್ತಿರುವುದನ್ನು ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಕತ್‌ಬರ್ಟ್ ಕಾಲಿಂಗ್‌ವುಡ್ 1868ರಲ್ಲಿ ಬರೆದು ಪ್ರಕಟಿಸಿದರು. ಇಂದು ನಾವು ಕ್ಲೌನ್ ಮೀನು ಎನ್ನುವುದು ಇವನ್ನೇ. ಆದರೆ ಇವುಗಳ ಮರಿಗಳನ್ನು ತೊಟ್ಟಿಯಲ್ಲಿ ಮಾರಾಟಕ್ಕಾಗುವಷ್ಟು ಬೆಳೆಸಲು ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಇಷ್ಟು ತಡವಾದದ್ದೇಕೆ?

ಜೋಡಿ ಮಾಡುವುದು ದೊಡ್ಡ ತೊಡಕಲ್ಲ. ಈ ಮೀನುಗಳಲ್ಲಿ ಯಾವುದೂ ಹೆಣ್ಣಾಗಿ ಹುಟ್ಟುವುದಿಲ್ಲ. ಗುಂಪಿನಲ್ಲಿ ಮೇಲುಗೈ ಪಡೆದ ದೊಡ್ಡ ಮೀನು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಉಳಿಯುತ್ತದೆ. ಹಾಗಾಗಿ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ಸಾಕಿದರೆ ಸಾಮಾನ್ಯವಾಗಿ ಅವೇ ಜೋಡಿಯಾಗುತ್ತವೆ. ಹೆಣ್ಣು ಕಲ್ಲಿನ ಮೇಲೋ ಮಣ್ಣಿನ ಕುಂಡದ ಮೇಲೋ ಕಿತ್ತಳೆ ಬಣ್ಣದ ಮೊಟ್ಟೆ ಇಡುತ್ತದೆ. ಗಂಡು ಈಜುರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತ ಅವನ್ನು ಕಾಯುತ್ತದೆ. ಸುಮಾರು ಒಂದು ವಾರದ ಮೇಲೆ, ದೀಪ ಆರಿದ ನಂತರದ ಕತ್ತಲಲ್ಲಿ ಮರಿಗಳು ಹೊರಬರುತ್ತವೆ.

ಕಷ್ಟ ಶುರುವಾಗುವುದು ಆಗ. ಮರಿಯ ಉದ್ದ ಮೂರು–ನಾಲ್ಕು ಮಿಲಿಮೀಟರ್ ಅಷ್ಟೇ. ಮೊಟ್ಟೆಯಿಂದ ತಂದ ಬುತ್ತಿ ಬೇಗ ತೀರುತ್ತದೆ. ಬಾಯಿಗೆ ಹಿಡಿಸುವಷ್ಟು ಸಣ್ಣದಾದ, ಕಣ್ಣೆದುರು ಅಲುಗಾಡುವ ಜೀವಂತ ಆಹಾರ ಸಿಗದಿದ್ದರೆ ಅದು ಸಾಯುತ್ತದೆ. ಆರ್ಟೀಮಿಯ ಎಂಬ ಉಪ್ಪುನೀರಿನ ಸಿಗಡಿಯ ಮರಿಗಳನ್ನು ಮೀನುಮರಿಗಳಿಗೆ ಉಣಿಸಬಹುದೆಂದು 1930ರ ದಶಕದಲ್ಲೇ ಗೊತ್ತಾಗಿತ್ತು. ಆದರೆ ಸುಮಾರು ಅರ್ಧ ಮಿಲಿಮೀಟರಿನ ಆ ತುತ್ತು ಈ ಹಸುಗೂಸುಗಳಿಗೆ ದೊಡ್ಡದು.

ಉತ್ತರ ಬಂದದ್ದು ಅಲಂಕಾರಿಕ ಮೀನುಗಳಿಗೆ ಸಂಬಂಧವೇ ಇಲ್ಲದ ಕಡೆಯಿಂದ. ಜಪಾನಿನ ಹಾವುಮೀನು ಸಾಕುವ ಕೊಳಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿ ಹಠಾತ್ತನೆ ಹೆಚ್ಚಿ ನೀರು ಕೆಡುತ್ತಿತ್ತು. ಸಾಕುವವರಿಗೆ ಅದೊಂದು ಪೀಡೆ. ಆ ಪೀಡೆಯನ್ನೇ ಬೆಳೆಸಿ ಕಡಲಮೀನಿನ ಮರಿಗಳಿಗೆ ಉಣಿಸಬಹುದೆಂದು ತಕಾಶಿ ಇಟೊ 1960ರಲ್ಲಿ ತೋರಿಸಿದರು. ರೋಟಿಫರ್ ಆರ್ಟೀಮಿಯ ಮರಿಗಿಂತ ಚಿಕ್ಕದು, ನಿಧಾನವಾಗಿ ಈಜುತ್ತದೆ, ಪಾಚಿಯಿಂದ ಹಸಿರಾದ ನೀರಿನಲ್ಲಿ ದಿನದಿನಕ್ಕೆ ಹೆಚ್ಚುತ್ತದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಟಿನ್ ಮೋ ಕ್ಲೌನ್ ಮೀನುಗಳನ್ನು ಮಾರಾಟಕ್ಕಾಗಿ ಬೆಳೆಸಿದರು. 1982ರ ತಮ್ಮ ಕೈಪಿಡಿಯಲ್ಲಿ ಆ ವಿದ್ಯೆಯನ್ನು ಹವ್ಯಾಸಿಗಳಿಗೂ ತಲುಪಿಸಿದರು. ಸಮುದ್ರದಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತರುವುದು ಕರಾವಳಿಯವರಿಗೆ ಮಾತ್ರ ಸಾಧ್ಯ. ಬಾಟಲಿಯಲ್ಲಿ ರೋಟಿಫರ್ ಬೆಳೆಸುವುದಕ್ಕೆ, ಕೃತಕ ಕಡಲುಪ್ಪು ಕದಡಿ ನೀರು ಮಾಡಿಕೊಳ್ಳುವುದಕ್ಕೆ ಕಡಲು ಹತ್ತಿರವಿರಬೇಕಿಲ್ಲ. ಹೀಗೆ ಈ ಮೀನಿನ ಬಾಣಂತನ ಒಳನಾಡಿನ ಮನೆಗಳಿಗೂ ಬಂತು. ಭಾರತದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ತಮಿಳುನಾಡಿನ ಮಂಡಪಂನಲ್ಲಿ ಕ್ಲೌನ್ ಮೀನಿನ ಮರಿಗಳನ್ನು ಬೆಳೆಸಿ ತೋರಿಸಿದೆ.

ಇದು ಬರೀ ಹವ್ಯಾಸದ ಮಾತಲ್ಲ. ತೊಟ್ಟಿಯಲ್ಲಿ ಹುಟ್ಟಿದ ಮೀನು ಸಿಗದ ಕಡೆ ಅಕ್ವೇರಿಯಂ ತುಂಬುವುದು ಹವಳದ ದಿಬ್ಬಗಳಿಂದ ಹಿಡಿದು ತಂದ ಮೀನುಗಳಿಂದ. ಮರಿಗಳು ರೂಪ ಬದಲಿಸಿ ಪಟ್ಟೆ ಮೂಡಿಸಿಕೊಳ್ಳುವುದು ಎಂಟು–ಹನ್ನೆರಡು ದಿನಗಳಲ್ಲಿ. ಅಲ್ಲಿಯವರೆಗೆ ಅವನ್ನು ಉಳಿಸಿಕೊಳ್ಳುವುದೇ ಈ ವಿದ್ಯೆಯ ಸಾರ. ಆದ್ದರಿಂದಲೇ ಅನುಭವಿಗಳು ಮೊಟ್ಟೆ ಕಾಣಿಸುವ ಮೊದಲೇ ಕಿಟಕಿಯ ಪಕ್ಕ ಹಸಿರು ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡಿರುತ್ತಾರೆ. ಹಾವುಮೀನು ಸಾಕುವವರು ಶಪಿಸಿದ ಜೀವಿಯೇ ಅವುಗಳಲ್ಲಿ ಬೆಳೆಯುತ್ತಿರುತ್ತದೆ.