ಎತ್ತಬೇಕಾದ ನೀರು

ಠಾಣೆ, ಕಲ್ಯಾಣ, ಡೊಂಬಿವಲಿ ಕಡೆಯವರಿಗೆ ಊರ ಹೊರಗೆ ಹೋಗಿ ಮೀಯುವುದೆಂದರೆ ಮೊದಲು ನೆನಪಾಗುವುದು ವಜ್ರೇಶ್ವರಿ. ತಾನಸಾ ನದಿಯ ದಂಡೆಯ ಆ ಊರಿನ ಸುತ್ತ, ಅಕ್ಲೋಲಿ, ಗಣೇಶಪುರಿಗಳಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ದೇವಿ ಕೊಂದ ರಾಕ್ಷಸರ ನೆತ್ತರೇ ಹೀಗೆ ಉಕ್ಕುತ್ತಿದೆ ಎಂಬುದು ಸ್ಥಳದ ಕತೆ. 1739ರಲ್ಲಿ ಪೋರ್ಚುಗೀಸರಿಂದ ವಸಯಿ ಕೋಟೆ ಗೆದ್ದ ಚಿಮಾಜಿ ಅಪ್ಪಾನ ಹರಕೆಯಿಂದ ಅಲ್ಲಿ ಗುಡಿ ಎದ್ದಿತು. ಪೇಶ್ವೆಗಳು ಹೋದರು, ಇಂಗ್ಲಿಷರೂ ಹೋದರು. ಕುಂಡಗಳಲ್ಲಿ ಮೀಯುವವರು ಇಂದಿಗೂ ಇದ್ದಾರೆ. ನೀರು ತಾನಾಗಿ ಬರುತ್ತದಲ್ಲ, ಕಾಯಿಸುವ ಸೌದೆಯೂ ಬೇಡ!

ತಣ್ಣೀರಿಗೆ ಈ ಅದೃಷ್ಟವಿಲ್ಲ. ಅದರ ಸ್ನಾನದ ಮನೆ ಹೇಗಿತ್ತು, ಏನಾಯಿತು ಎಂದು ತಿಳಿಯಲು ಆದಿಲ್‌ಶಾಹಿಗಳ ವಿಜಯಪುರದ ಸೀಮೆಗೆ ಹೋಗಬೇಕು. ನಗರದಿಂದ ಪೂರ್ವಕ್ಕೆ, ಸಿಂದಗಿ ದಾರಿಯಲ್ಲಿ ಸುಮಾರು 16 ಕಿ.ಮೀ. ನಡೆದರೆ ಕುಮಟಗಿ. ಗೋಳಗುಮ್ಮಟ ನೋಡಿ ಹಿಂದಿರುಗುವ ಪ್ರವಾಸಿಗರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ಇದು ಸುಲ್ತಾನರ ವಿಹಾರಸ್ಥಾನ: ಒಂದು ಕೆರೆ, ಹತ್ತಿರದಲ್ಲಿ ಚೌಕಾಕಾರದ ಕೊಳ, ಕೊಳದ ನಡುವೆ ಕಮಾನುಗಳ ಮಂಟಪ.

ಇಲ್ಲಿನ ಜಾಣ್ಮೆ ಇರುವುದು ನೀರಿನ ಏರ್ಪಾಟಿನಲ್ಲಿ. ನೀರನ್ನು ಮೊದಲು ಎತ್ತರದ ಗೋಪುರಕ್ಕೆ ಏರಿಸುತ್ತಿದ್ದರು. ಅಲ್ಲಿಂದ ಕೊಳವೆಗಳಲ್ಲಿ ಇಳಿದ ನೀರು ತನ್ನದೇ ಒತ್ತಡದಿಂದ ಕಾರಂಜಿಯಾಗಿ ಚಿಮ್ಮುತ್ತಿತ್ತು, ಚಾವಣಿಯ ರಂಧ್ರಗಳಿಂದ ಮಳೆಯಂತೆ ಸುರಿಯುತ್ತಿತ್ತು. ಇಂದಿನ ಮಾತಿನಲ್ಲಿ ಶವರ್ ಸ್ನಾನ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಬಯಲುಸೀಮೆಯಲ್ಲಿ ಇದಕ್ಕಿಂತ ದೊಡ್ಡ ಐಷಾರಾಮ ಇನ್ನೊಂದಿರಲಾರದು. ವಿಜಯಪುರದ ಎಂಜಿನಿಯರುಗಳಿಗೆ ಇದು ಹೊಸ ವಿದ್ಯೆಯೇನಲ್ಲ. ತೊರವಿ ಕಡೆಯಿಂದ ನಗರಕ್ಕೆ ನೀರು ತಂದ ಮಾರ್ಗದಲ್ಲೂ ಒತ್ತಡ ಹತೋಟಿಯಲ್ಲಿಡಲು ಗಂಜ್ ಎಂಬ ಗೋಪುರಗಳಿವೆ.

ಆದರೆ ಕೊಳವೆಯಲ್ಲಿ ಇಳಿಯುವ ಪ್ರತಿ ಹನಿಯನ್ನೂ ಮೊದಲು ಯಾರೋ ಮೇಲಕ್ಕೆ ಎತ್ತಬೇಕಿತ್ತು. ಸುಲ್ತಾನ ಬರುವ ದಿನ ಆ ಕೆಲಸ ಎಷ್ಟು ಹೊತ್ತಿಗೆ ಶುರುವಾಗುತ್ತಿತ್ತೋ! ಎತ್ತಿದವರಿಗೆ ಕೂಲಿ ಕೊಡುತ್ತಿದ್ದ ದರ್ಬಾರು 1686ರಲ್ಲಿ ಔರಂಗಜೇಬನಿಗೆ ಸೋತಿತು. ಹಿಂದೆಯೇ ನೀರೂ ನಿಂತಿರಬೇಕು. ಇಲ್ಲಿ ಹರಕೆ ಹೊರಲು ದೇವಿಯಿರಲಿಲ್ಲ, ಊರವರು ತಮ್ಮದೆಂದು ನಡೆಸಿಕೊಂಡು ಹೋಗಲು ಇದು ಅವರ ಸ್ನಾನಘಟ್ಟವೂ ಆಗಿರಲಿಲ್ಲ.

ಮಂಟಪಗಳ ಗೋಡೆಗಳಲ್ಲಿ ಕುದುರೆಯೇರಿ ಪೋಲೋ ಆಡುವವರ, ಕುಸ್ತಿ ಹಿಡಿದವರ ಚಿತ್ರಗಳಿದ್ದವು. ಹೆನ್ರಿ ಕಸೆನ್ಸ್ 1916ರಲ್ಲಿ ಪ್ರಕಟಿಸಿದ ವಿಜಯಪುರದ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಕುಮಟಗಿಗೂ ಜಾಗವಿದೆ. ಈಗ ಬಣ್ಣ ಬಹುಪಾಲು ಮಾಸಿದೆ. ಹತ್ತಿರ ನಿಂತು ನೋಡಿದರೆ ಅಲ್ಲಲ್ಲಿ ಒಂದು ಕುದುರೆಯ ಬೆನ್ನು, ಒಬ್ಬ ಜಟ್ಟಿಯ ತೋಳು ಕಂಡೀತು.