ಕಾರಿನ ಹಿಂದೀಪದೊಳಗಿನ ತೇವ

ಕಾರಿನ ಹಿಂದೀಪದೊಳಗಿನ ತೇವ ಎಂದರೆ ವಾಹನದ ಹಿಂಭಾಗದ ದೀಪದ ಕವಚದೊಳಗೆ ನೀರಾವಿಯು ಮಂಜಾಗಿ ಕಟ್ಟಿಕೊಳ್ಳುವುದು ಅಥವಾ ಮಳೆನೀರು ನುಸುಳಿ ನಿಲ್ಲುವುದು. ಆಡುಮಾತಿನಲ್ಲಿ ಎರಡನ್ನೂ ‘ಟೈಲ್ ಲೈಟಿಗೆ ನೀರು ಹೋಗಿದೆ’ ಎಂದೇ ಹೇಳಲಾಗುತ್ತದೆ. ಆದರೆ ಇವೆರಡರ ಕಾರಣವೂ ಪರಿಹಾರವೂ ಬೇರೆ ಬೇರೆ. ಮೊದಲನೆಯದು ಬಹುಮಟ್ಟಿಗೆ ತಾನಾಗಿಯೇ ಮಾಯವಾಗುತ್ತದೆ. ಎರಡನೆಯದನ್ನು ಹಾಗೆಯೇ ಬಿಟ್ಟರೆ ಬಲ್ಬಿನ ಹೋಲ್ಡರ್ ತುಕ್ಕು ಹಿಡಿದು ಬ್ರೇಕ್ ದೀಪವೇ ಉರಿಯದಂತಾಗಬಹುದು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಬಯಲಿನ ಬಿಸಿಲು ಮತ್ತು ಬೆಟ್ಟದ ಮಂಜು ಒಂದೇ ದಿನದ ಪ್ರಯಾಣದಲ್ಲಿ ಎದುರಾಗುವುದರಿಂದ ಈ ತೊಂದರೆಗೆ ಅವಕಾಶ ಹೆಚ್ಚು.

ರಚನೆ

ಹಿಂದೀಪದ ಕೆಂಪು ಮುಖವನ್ನು ಸಾಮಾನ್ಯವಾಗಿ ಅಕ್ರಿಲಿಕ್ ಪ್ಲಾಸ್ಟಿಕ್‌ನಿಂದ ತಯಾರಿಸಲಾಗುತ್ತದೆ. ಅದನ್ನು ಹಿಂಬದಿಯ ಪ್ಲಾಸ್ಟಿಕ್ ಕವಚಕ್ಕೆ ಶಾಖದಿಂದ ಅಥವಾ ಕಂಪನದಿಂದ ಬೆಸೆಯಲಾಗಿರುತ್ತದೆ. ಹೊರನೋಟಕ್ಕೆ ಸಂಪೂರ್ಣ ಮುಚ್ಚಿದಂತೆ ಕಂಡರೂ ದೀಪವು ‘ಉಸಿರಾಡುತ್ತದೆ’. ಬಲ್ಬು ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಲು, ಆರಿದಾಗ ಒಳಬರಲು ಕವಚದ ಹಿಂಬದಿಯಲ್ಲಿ ಸಣ್ಣ ಗಾಳಿಕಿಂಡಿಗಳಿರುತ್ತವೆ. ಕೆಲವು ದೀಪಗಳಲ್ಲಿ ಈ ಕಿಂಡಿಗೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳುಪೊರೆ ಇರುತ್ತದೆ. ದೀಪಕ್ಕೂ ಕಾರಿನ ತಗಡಿಗೂ ನಡುವೆ ಗ್ಯಾಸ್ಕೆಟ್ ಇರುತ್ತದೆ. ಅದು ಹಾಳಾದರೆ ನೀರು ದೀಪಕ್ಕಿಂತ ಮೊದಲು ಡಿಕ್ಕಿಯನ್ನು ಸೇರುತ್ತದೆ.

ಮಂಜು ಮತ್ತು ಸೋರಿಕೆಯ ವ್ಯತ್ಯಾಸ

ಒಂದು ಘನ ಮೀಟರ್ ಗಾಳಿಯು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 15 ಡಿಗ್ರಿಯಲ್ಲಿ ಅದರ ಸಾಮರ್ಥ್ಯ ಸುಮಾರು 13 ಗ್ರಾಂಗೆ ಇಳಿಯುತ್ತದೆ. ಮೂರು ಲೀಟರ್ ಒಳಜಾಗವಿರುವ ದೀಪವೊಂದನ್ನು ತೆಗೆದುಕೊಂಡರೆ, 30 ಡಿಗ್ರಿಯಲ್ಲಿ ಶೇಕಡಾ 70ರಷ್ಟು ತೇವವಿದ್ದ ಗಾಳಿ 15 ಡಿಗ್ರಿಗೆ ತಣಿದಾಗ ಹನಿಯಾಗುವ ನೀರು ಒಂದು ಗ್ರಾಂನ ನಲವತ್ತನೆಯ ಒಂದು ಭಾಗದಷ್ಟು ಮಾತ್ರ. ಇದು ಗಾಜಿನ ಮೇಲೆ ಉಸಿರು ಊದಿದಂತಹ ಮಸುಕನ್ನಷ್ಟೇ ಉಂಟುಮಾಡಬಲ್ಲದು. ಆದುದರಿಂದ ದೀಪದ ತಳದಲ್ಲಿ ಒಂದು ಚಮಚ ನೀರು ನಿಂತಿದ್ದರೆ ಅದನ್ನು ಒಂದು ರಾತ್ರಿಯ ಮಂಜೆಂದು ತಿಳಿಯುವಂತಿಲ್ಲ. ಎಲ್ಲಿಯೋ ಬಿರುಕಿದೆ ಅಥವಾ ರಬ್ಬರ್ ಸಡಿಲವಾಗಿದೆ ಎಂದೇ ಅರ್ಥ.

ದೀಪವು ತನ್ನೊಳಗೆ ನೀರನ್ನು ಎಳೆದುಕೊಳ್ಳುವ ಬಗೆಯೂ ಗಮನಾರ್ಹ. ಬಿಸಿಲು ಮತ್ತು ಬಲ್ಬಿನ ಶಾಖದಿಂದ 60 ಡಿಗ್ರಿಗೆ ಏರಿದ್ದ ಒಳಗಾಳಿ ಮಳೆಯ ಹೊಡೆತಕ್ಕೆ 25 ಡಿಗ್ರಿಗೆ ಇಳಿದರೆ ಹತ್ತನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಆ ಖಾಲಿಯನ್ನು ತುಂಬಲು ಹೊರಗಿನ ಗಾಳಿ ಒಳನುಗ್ಗುತ್ತದೆ. ಬಿರುಕಿನ ಬಾಯಲ್ಲಿ ನೀರಿದ್ದರೆ ನೀರೇ ನುಗ್ಗುತ್ತದೆ. ದೂರದಿಂದ ಓಡಿಬಂದ ಬಿಸಿ ಕಾರಿಗೆ ಕೂಡಲೇ ಪೈಪಿನಿಂದ ನೀರು ಬಿಡುವುದು ಒಳ್ಳೆಯದಲ್ಲ ಎನ್ನುವುದಕ್ಕೆ ಇದೇ ಕಾರಣ. ಎಲ್‌ಇಡಿ ದೀಪಗಳ ಮುಖದ ಕಡೆಗೆ ಶಾಖ ಕಡಿಮೆ ಹರಿಯುವುದರಿಂದ ಅವುಗಳಲ್ಲಿ ಕಟ್ಟಿದ ಮಂಜು ಆರಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಪ್ರದೇಶದಲ್ಲಿ

ಕೊಳ್ಳೇಗಾಲ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಶಿಖರಗಳು 1,500 ಮೀಟರಿಗೂ ಮೇಲೇರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಕಾರು ಸಂಜೆ ಬೆಟ್ಟವನ್ನೇರಿ ರಾತ್ರಿ ಮಂಜಿನಲ್ಲಿ ನಿಂತರೆ ಬೆಳಗ್ಗೆ ಹಿಂದೀಪ ಮಸುಕಾಗಿರುವುದು ಸಹಜ, ಅದು ದೋಷವಲ್ಲ. ಈ ಭಾಗಕ್ಕೆ ಮುಂಗಾರಿಗಿಂತ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳ ಮಳೆ ಮುಖ್ಯವಾದುದು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ದೀಪಾವಳಿ ಜಾತ್ರೆ ಆ ಮಳೆಗಾಲದ ಕೊನೆಯಲ್ಲೇ ಬೀಳುತ್ತದೆ. ತಾಳಬೆಟ್ಟದಿಂದ ಮೇಲಕ್ಕೆ ತಿರುವುಗಳ ಘಟ್ಟದಲ್ಲಿ ವಾಹನಗಳು ಒಂದರ ಹಿಂದೊಂದು ಸಾಗುವಾಗ, ಹಿಂದಿನ ಚಾಲಕನಿಗೆ ಮುಂದಿನ ಕಾರಿನ ಬ್ರೇಕ್ ದೀಪವೇ ದಾರಿಯ ಸೂಚನೆ. ಒಳಗೋಡೆಯ ತುಂಬ ಹನಿಗಟ್ಟಿದ ದೀಪದ ಬೆಳಕು ಚದುರಿ, ಮಂಜಿನಲ್ಲಿ ಮತ್ತಷ್ಟು ಮಂಕಾಗುತ್ತದೆ.

ಮಣ್ಣು ಹಾದಿಗಳ ಕೆಂಧೂಳು ಇನ್ನೊಂದು ಕಾರಣ. ಅದು ಗಾಳಿಕಿಂಡಿಗಳಲ್ಲಿ ಕೂತು ಮಳೆಗೆ ನೆನೆದು ಗಟ್ಟಿಯಾದರೆ ಒಳಸೇರಿದ ತೇವ ಹೊರಹೋಗಲು ದಾರಿಯೇ ಇರುವುದಿಲ್ಲ.

ತೇವ ತೆಗೆಯುವ ವಿಧಾನ

ತೆಳು ಮಂಜು ಮಾತ್ರವಿದ್ದರೆ ದೀಪಗಳನ್ನು ಉರಿಸಿಕೊಂಡು ಅರ್ಧ ಗಂಟೆ ಓಡಿಸುವುದು ಅಥವಾ ಹಿಂಭಾಗಕ್ಕೆ ಬಿಸಿಲು ಬೀಳುವಂತೆ ನಿಲ್ಲಿಸುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಎರಡು ಮೂರು ಒಣ ದಿನಗಳು ಕಳೆದರೂ ಹೋಗದಿದ್ದರೆ ದೀಪವನ್ನು ಬಿಚ್ಚಬೇಕು. ಡಿಕ್ಕಿಯ ಒಳಗಿನಿಂದ ನಟ್ಟುಗಳನ್ನು ಸಡಿಲಿಸಿ, ವೈರಿನ ಕನೆಕ್ಟರ್ ಕಳಚಿ, ಬಲ್ಬಿನ ಹೋಲ್ಡರುಗಳನ್ನು ತಿರುಗಿಸಿ ತೆಗೆದರೆ ಅವುಗಳ ರಂಧ್ರಗಳಿಂದಲೇ ನೀರನ್ನು ಬಗ್ಗಿಸಬಹುದು. ಬಳಿಕ ರಂಧ್ರಗಳು ಕೆಳಮುಖವಾಗಿರುವಂತೆ ಬಿಸಿಲಿನಲ್ಲಿ ಇಡಲಾಗುತ್ತದೆ. ಕೂದಲು ಒಣಗಿಸುವ ಯಂತ್ರವನ್ನು ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ದೂರದಿಂದ ಗಾಳಿ ಬಿಡಬೇಕು. ಅಕ್ರಿಲಿಕ್ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಒಳಗೆ ಪೆಟ್ರೋಲ್, ಥಿನ್ನರ್ ಅಥವಾ ಸ್ಪಿರಿಟ್ ಹಾಕಿ ತೊಳೆಯುವುದು ತಪ್ಪು. ಇವು ಅಕ್ರಿಲಿಕ್‌ನಲ್ಲಿ ಕೂದಲೆಳೆಯಂತಹ ಬಿರುಕುಗಳನ್ನು ಮೂಡಿಸುತ್ತವೆ. ಕೊಳವೆ ಬಾವಿಯ ಗಡಸು ನೀರಿನಿಂದ ತೊಳೆದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದಕ್ಕೆ ಸೂಕ್ತ. ಸಿಲಿಕಾ ಜೆಲ್ ಪೊಟ್ಟಣಗಳು ಉಳಿದ ಅಲ್ಪ ತೇವವನ್ನು ಹೀರಬಲ್ಲವೇ ಹೊರತು ನಿಂತ ನೀರನ್ನಲ್ಲ. ಅವನ್ನು ಒಳಗೇ ಬಿಟ್ಟು ಮುಚ್ಚಿದರೆ ಬಲ್ಬಿಗೆ ತಗುಲುವ ಅಪಾಯವಿದೆ.

ಸೋರುವ ಜಾಗವನ್ನು ಪತ್ತೆಮಾಡುವುದು ಒಣಗಿಸುವುದಕ್ಕಿಂತ ಮುಖ್ಯವಾದ ಕೆಲಸ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುವ ಕ್ರಮವೇ ಇಲ್ಲಿಯೂ ನಡೆಯುತ್ತದೆ: ಗಾಳಿಕಿಂಡಿಗಳನ್ನೂ ಹೋಲ್ಡರಿನ ರಂಧ್ರಗಳನ್ನೂ ತಾತ್ಕಾಲಿಕವಾಗಿ ಮುಚ್ಚಿ, ಒಂದರಿಂದ ಮೆಲ್ಲನೆ ಗಾಳಿ ಊದಿ, ಬೆಸುಗೆಯ ಅಂಚನ್ನು ನೀರಿನಲ್ಲಿ ಮುಳುಗಿಸಿದರೆ ಬಿರುಕು ಗುಳ್ಳೆ ಬಿಡುತ್ತದೆ. ಬಿರುಕನ್ನು ಪೂರ್ತಿ ಒಣಗಿಸಿದ ಮೇಲಷ್ಟೇ ಸಿಲಿಕೋನ್ ಹಚ್ಚಬೇಕು. ವಿನಿಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಹೊರಬಿಡುವ ಆಮ್ಲವು ಲೋಹದ ತುದಿಗಳನ್ನು ತಿನ್ನುವುದರಿಂದ ಆಮ್ಲ ಬಿಡದ ಬಗೆಯದನ್ನು ಆರಿಸಿಕೊಳ್ಳಲಾಗುತ್ತದೆ. ಗಾಳಿಕಿಂಡಿಗೆ ಮಾತ್ರ ಯಾವುದನ್ನೂ ಹಚ್ಚುವಂತಿಲ್ಲ.

ದೀಪದ ತಳಕ್ಕೆ ಡ್ರಿಲ್ಲಿನಿಂದ ತೂತು ಕೊರೆದು ನೀರು ಹರಿಯಲು ಬಿಡುವುದು ರಸ್ತೆಬದಿಯ ಸುಲಭೋಪಾಯ. ನಿಂತ ನೀರು ಅದರಿಂದ ಹೋಗುತ್ತದೆ ಎಂಬುದು ನಿಜ. ಆದರೆ ಅದೇ ತೂತಿನಿಂದ ಧೂಳೂ ಚಕ್ರ ಎರಚಿದ ಕೆಸರೂ ಒಳಸೇರಿ ಪ್ರತಿಫಲಕದ ಹೊಳಪನ್ನು ಕೆಡಿಸುತ್ತವೆ. ವಾರಂಟಿಯ ಅವಧಿಯಲ್ಲಿರುವ ಕಾರಿಗೆ ಇದನ್ನು ಮಾಡಿಸಿದರೆ ದೀಪ ಬದಲಿಸಿಕೊಳ್ಳುವ ಅವಕಾಶವೂ ಕೈತಪ್ಪಬಹುದು.

ಸುರಕ್ಷತೆ ಮತ್ತು ಕಾನೂನು

ಹೋಲ್ಡರಿನ ಅರ್ಥಿಂಗ್ ತುದಿ ತುಕ್ಕು ಹಿಡಿದಾಗ ವಿದ್ಯುತ್ ಬೇರೆ ಬಲ್ಬಿನ ಮೂಲಕ ಮರಳಲು ಯತ್ನಿಸುತ್ತದೆ. ಆಗ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಬೆಳಗುವಂತಹ ವಿಚಿತ್ರ ಲಕ್ಷಣಗಳು ಕಾಣುತ್ತವೆ. ಬಲ್ಬು ಬದಲಿಸಿದರೂ ಇವು ಸರಿಹೋಗುವುದಿಲ್ಲ. ತುದಿಗಳನ್ನು ಉಜ್ಜಿ ಸ್ವಚ್ಛಗೊಳಿಸಬೇಕಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾತ್ರಿ ವೇಳೆ ಕಾರಿನ ಹಿಂಭಾಗದ ಕೆಂಪು ದೀಪಗಳು 155 ಮೀಟರ್ ದೂರದಿಂದ ಕಾಣುವಂತಿರಬೇಕು. ಬೆಸೆದ ದೀಪದ ಒಳಗಿನ ಪ್ರತಿಫಲಕವೇ ಕಪ್ಪಾಗಿದ್ದರೆ ಅಥವಾ ಎಲ್‌ಇಡಿ ಫಲಕಕ್ಕೆ ನೀರು ತಾಗಿ ಕೆಲವು ಬಿಂದುಗಳು ಆರಿದ್ದರೆ ಒಣಗಿಸಿ ಪ್ರಯೋಜನವಿಲ್ಲ. ಇಡೀ ದೀಪವನ್ನು ಬದಲಿಸಬೇಕಾಗುತ್ತದೆ.